ತೊಂಬತ್ತು ದಿನದ ಅಜ್ಜ

ನನ್ನ ಮೇಜಿನ ಮೇಲೆ ಅಂಗೈಯಗಲದ ಒಂದು ಲೆಕ್ಕದ ಪುಸ್ತಕವಿದೆ. ಕೊಟ್ಟೂರಿನ ಕಿರಾಣಿ ಅಂಗಡಿಯ ಬಾಕಿ ಬರೆದಿಡುವುದಕ್ಕೆಂದು ಕೊಂಡದ್ದು; ಜರ್ಮನಿಗೆ ಹೊರಟ ದಿನ ಅಂಗಿಯ ಜೇಬಿನಲ್ಲಿಯೇ ಉಳಿದು ನನ್ನೊಡನೆ ಪ್ರಯಾಣ ಮಾಡಿತು. ಅದರ ಮೊದಲ ಪುಟದಲ್ಲಿ ಬೆಲ್ಲ, ಶೇಂಗಾ, ಕಡಲೆಬೇಳೆಗಳ ಲೆಕ್ಕವಿದೆ. ಎರಡನೆಯ ಪುಟದಿಂದ ಮುಂದಕ್ಕೆ ಇರುವುದು ಎರಡು ವರ್ಷದ ಒಂದು ಕೂಸಿನ ಬಾಯಿಂದ ಬಂದ ಕನ್ನಡದ ಮಾತುಗಳ ಪಟ್ಟಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವನಿಗೆ ಆ ಪಟ್ಟಿಯು ಹೇಳಿದ ಪಾಠ ಅಷ್ಟೇನೂ ಹಿತವಾದುದಲ್ಲ. ಆದರೂ ಅದನ್ನು ವಾಚಕರ ಮುಂದಿಡಬೇಕೆಂದು ತೋರಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಊರುಗಳಲ್ಲಿ ಯಾವ ಮದುವೆಯ ಚಪ್ಪರದಲ್ಲಿ ಕುಳಿತರೂ ಹೊರದೇಶದಲ್ಲಿ ಮೊಮ್ಮಕ್ಕಳುಳ್ಳ ಒಬ್ಬಿಬ್ಬರು ಅಜ್ಜಂದಿರು ಈಗ ಪಕ್ಕದಲ್ಲಿಯೇ ಸಿಕ್ಕುತ್ತಾರೆ. ಅವರಿಗೂ ಇಂಥ ಒಂದು ಪಟ್ಟಿ ಇದ್ದೀತು, ಬರೆದಿಟ್ಟಿರಲಾರರು ಅಷ್ಟೆ.

ನಮ್ಮ ಮಗಳು ಅಳಿಯ ಇಬ್ಬರೂ ಇಂಜಿನಿಯರುಗಳು. ಅಳಿಯಂದಿರು ಹರಪನಹಳ್ಳಿಯವರು. ಮನೆ ಬಿಟ್ಟು ಕದಲದೆಯೇ ೧೯೯೭ರಲ್ಲಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಹೋಗಿ, ಮರಳಿ ಬಳ್ಳಾರಿಗೆ ಬಂದು, ೨೦೨೧ರಲ್ಲಿ ನಮ್ಮೆಲ್ಲರ ಜೊತೆ ವಿಜಯನಗರ ಜಿಲ್ಲೆಯವರಾದ ಊರಿನವರಿಗೆ ದೇಶಾಂತರವೊಂದು ಕಷ್ಟವೆ ಎಂದು ಬೀಗರನ್ನು ನಾನು ಹಾಸ್ಯ ಮಾಡುವುದುಂಟು. ಇವರು ನೆಲಸಿರುವುದು ನೆಕರ್ ನದಿಯ ದಂಡೆಯಲ್ಲಿರುವ ಎಸ್ಲಿಂಗನ್ ಎಂಬ ಹಳೆಯ ಪಟ್ಟಣದಲ್ಲಿ. ಸ್ಟುಟ್ಗಾರ್ಟಿಗೆ ಅಲ್ಲಿಂದ ರೈಲಿನಲ್ಲಿ ಸುಮಾರು ಕಾಲು ಗಂಟೆಯ ದಾರಿ. ಮಗು ಹುಟ್ಟಿದುದೂ ಅಲ್ಲಿಯೇ. ಒಂದು ವರ್ಷ ತುಂಬಿದ ಮಗುವಿಗೆ ಶಿಶುವಿಹಾರದಲ್ಲಿ ಸ್ಥಳ ಪಡೆಯುವ ಹಕ್ಕನ್ನು ಆ ದೇಶದ ಕಾನೂನು ೨೦೧೩ರ ಆಗಸ್ಟ್ ೧ರಿಂದ ಕೊಟ್ಟಿದೆ. ಹಕ್ಕಿರುವುದು ಬೇರೆ, ಸ್ಥಳವಿರುವುದು ಬೇರೆ ಎಂಬುದು ನಮ್ಮ ದೇಶದವರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ. ನಮ್ಮ ಕೂಸಿಗೆ ಸರದಿ ಬಂದಾಗ ಎರಡು ವರ್ಷವಾಗಿತ್ತು. ಅಷ್ಟರಲ್ಲಿ ಮಗಳು ಕೆಲಸಕ್ಕೆ ಮರಳಬೇಕಾಯಿತು. “ಅಪ್ಪಾಜಿ, ಮೂರು ತಿಂಗಳಿಗೆ ಬಂದು ಹೋಗ್ರಿ, ಕೂಸು ಶಾಲಿಗೆ ಹೊಂದಿಕೊಳ್ಳೋತನಕ” ಎಂದು ಕರೆದಳು.

ಮೂರು ತಿಂಗಳೆಂಬುದು ಅವಳ ಇಷ್ಟವಲ್ಲ, ಸರಕಾರದ ಅಳತೆ. ಆ ಕಡೆಯ ದೇಶಗಳಿಗೆ ನೋಡಬಂದವರು ಯಾವ ೧೮೦ ದಿನಗಳಲ್ಲಿಯೂ ೯೦ ದಿನಕ್ಕಿಂತ ಹೆಚ್ಚಾಗಿ ನಿಲ್ಲುವಂತಿಲ್ಲ. ಬಂದ ದಿನವೂ ಹೊರಡುವ ದಿನವೂ ಲೆಕ್ಕಕ್ಕೆ ಸೇರುತ್ತವೆ. ನಾವು ಇಳಿದುದು ೨೦೨೪ರ ಸೆಪ್ಟೆಂಬರ್ ೫, ಶಿಕ್ಷಕರ ದಿನ. ಡಿಸೆಂಬರ್ ೩ ನಮ್ಮ ಕಡೆಯ ದಿನವಾಯಿತು. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದ ಕೆರೆಗೆ ಚಳಿಗಾಲದಲ್ಲಿ ಎಲ್ಲೆಲ್ಲಿಂದಲೋ ಹಕ್ಕಿಗಳು ಬಂದು, ಬೇಕೆನಿಸುವಷ್ಟು ದಿನ ಇದ್ದು ಹೋಗುತ್ತವೆ. ಅದೇ ವರ್ಷದ ಜನವರಿಯಲ್ಲಿ ಆ ಕೆರೆಯನ್ನು ರಾಮ್ಸಾರ್ ಪಟ್ಟಿಗೆ ಸೇರಿಸಿ, ಅವುಗಳ ವಾಸಕ್ಕೆ ಲೋಕವೆಲ್ಲ ಮರ್ಯಾದೆ ಸಲ್ಲಿಸಿತು. ಮನುಷ್ಯನಿಗೆ, ಅದರಲ್ಲಿಯೂ ಅಜ್ಜನಿಗೆ, ಆ ಸೌಕರ್ಯವಿಲ್ಲ.

ಮಗುವನ್ನು ನಾವು ಅದುವರೆಗೆ ನೋಡಿದುದು ಫೋನಿನ ಗಾಜಿನೊಳಗೆ. ಅದು ನಮ್ಮನ್ನು ನೋಡಿದುದೂ ಅಲ್ಲಿಯೇ. ನಾವು ಬಾಗಿಲೊಳಗೆ ಕಾಲಿಟ್ಟಾಗ ಅದು ನಮ್ಮನ್ನು ದಿಟ್ಟಿಸಿ ನೋಡಿತು. ಅನಂತರ ಓಡಿಹೋಗಿ ತಾಯಿಯ ಫೋನನ್ನು ತಂದು, ಅದರ ಹಿಂಬದಿ ಮುಂಬದಿಗಳನ್ನು ತಿರುಗಿಸಿ ಪರೀಕ್ಷಿಸಿತು. ಅಜ್ಜ ಅಜ್ಜಿ ಇರಬೇಕಾದ ಸ್ಥಳದಲ್ಲಿ ಅವರಿಲ್ಲ! ನಮ್ಮಾಕೆ ನಕ್ಕಳು, ಒಳಕೋಣೆಗೆ ಹೋದಮೇಲೆ ಸೆರಗಿನಿಂದ ಕಣ್ಣೊರಸಿಕೊಂಡಳು. ಪೆಟ್ಟಿಗೆಯಲ್ಲಿ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ, ಜಾತ್ರೆಯಲ್ಲಿ ಕೊಂಡ ಮರದ ಬುಗುರಿ ಬಂದಿದ್ದವು. ತುಪ್ಪ ಮಾತ್ರ ಬರಲಿಲ್ಲ. ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ಹೊರಗಿನಿಂದ ಆ ದೇಶಗಳೊಳಕ್ಕೆ ತರಬಾರದೆಂದು ಮಗಳು ಮೊದಲೇ ಎಚ್ಚರಿಸಿದ್ದಳು. ಮೊದಲ ಭಾನುವಾರ ಅಂಗಡಿಗಳೆಲ್ಲ ಮುಚ್ಚಿ ಬೀದಿ ನಿಶ್ಶಬ್ದವಾಗಿದ್ದುದನ್ನು ಕಿಟಕಿಯಿಂದ ನೋಡಿ ನಮ್ಮಾಕೆ, “ಏನ್ರೀ, ಈ ಊರಾಗ ಮಂದಿ ಅದಾರೋ ಇಲ್ಲೋ?” ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ. ನನಗೂ ಅದೇ ಸಂಶಯವಿತ್ತು.

ಮಂದಿ ಇದ್ದರು, ಮಕ್ಕಳ ಆಟದ ಬಯಲಿನಲ್ಲಿದ್ದರು. ಮನೆಯಿಂದ ನಾಲ್ಕು ಹೆಜ್ಜೆಯಲ್ಲಿಯೇ ಅಂಥದೊಂದು ಬಯಲು. ಅದಕ್ಕೆ ಅವರು ಶ್ಪೀಲ್‌ಪ್ಲಾಟ್ಸ್ ಎನ್ನುತ್ತಾರೆ. ಮರಳಿನ ದೊಡ್ಡ ಹಳ್ಳ, ಜೋಕಾಲಿ, ಹಗ್ಗದ ಬಲೆ, ಮರದ ದಿಮ್ಮಿಗಳ ಮೇಲೆ ಹತ್ತುವ ಅಟ್ಟ. ಕೈಯಲ್ಲಿ ಕಾಫಿಯ ಲೋಟ ಹಿಡಿದ ತಾಯಿತಂದೆಯರು ದೂರದ ಬೆಂಚಿನಲ್ಲಿ ಕುಳಿತಿರುತ್ತಾರೆ. ಮಳೆ ಬಂದರೆ ಆಟ ನಿಂತೀತೆಂದುಕೊಂಡಿದ್ದೆ. ನಿಲ್ಲಲಿಲ್ಲ. ಕೆಟ್ಟ ಹವೆಯೆಂಬುದಿಲ್ಲ, ತಕ್ಕದಲ್ಲದ ಉಡುಪೆಂಬುದು ಮಾತ್ರ ಉಂಟೆಂದು ಅಲ್ಲಿ ಗಾದೆ. ಎದೆಯವರೆಗೆ ಬರುವ, ನೀರು ಹಿಡಿಯದ ಷರಾಯಿ ತೊಡಿಸಿ ಮಕ್ಕಳನ್ನು ಕೆಸರಿಗೆ ಬಿಡುತ್ತಾರೆ. ಮಗು ಅಟ್ಟ ಹತ್ತುತ್ತದೆ, ಜಾರುತ್ತದೆ, ಬೀಳುತ್ತದೆ. ಬಿದ್ದ ಕೂಡಲೆ ಯಾರೂ ಓಡುವುದಿಲ್ಲ. ಅದು ಅಳುತ್ತದೆಯೋ ಏಳುತ್ತದೆಯೋ ಎಂದು ಒಂದು ಕ್ಷಣ ಕಾಯುತ್ತಾರೆ. ಬಹುತೇಕ ಏಳುತ್ತದೆ.

ನನ್ನಿಂದ ಕಾಯುವುದಾಗಲಿಲ್ಲ. ಮೊದಲ ವಾರ ಯಾರದೋ ಒಂದು ಗಂಡುಮಗು ಮರಳಿನಲ್ಲಿ ಮುಗ್ಗರಿಸಿದಾಗ ನಾನೇ ಓಡಿ ಎತ್ತಿ ಧೂಳು ಕೊಡವಿದೆ. ಅದರ ತಂದೆ ಬಂದು, ಬಹಳ ವಿನಯದಿಂದ ವಂದಿಸಿ, ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು, ಬಿದ್ದಿದ್ದ ಸ್ಥಳದಲ್ಲಿಯೇ ಮತ್ತೆ ಇಳಿಸಿ ಹೋದನು. ನಮ್ಮ ಮಗುವಿನ ವಿಷಯದಲ್ಲಂತೂ ನಾನು ಬೆಂಚಿನಲ್ಲಿ ಕುಳಿತದ್ದೇ ಇಲ್ಲ. ಅದರ ಹಿಂದೆ ಕೈಚಾಚಿ ನಡೆಯುತ್ತ, “ಬೀಳ್ತಿ, ಬೀಳ್ತಿ! ಮುಟ್ಟಬ್ಯಾಡ! ಹತ್ತಬ್ಯಾಡ! ಇಳಿ!” ಎಂದು ಕೂಗುವುದೇ ನನ್ನ ಕೆಲಸವಾಯಿತು. ಇದನ್ನು ನಾನು ಪ್ರೀತಿಯೆಂದೇ ತಿಳಿದಿದ್ದೆ. ಈಗಲೂ ಪ್ರೀತಿಯಲ್ಲವೆಂದು ಹೇಳಲಾರೆ.

ಶಿಶುವಿಹಾರದ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಏಕೆಂದರೆ ಅಧ್ಯಾಪಕನಾದ ನನಗೆ ಅಲ್ಲಿ ಕಂಡುದೆಲ್ಲ ಹೊಸದು. ಅವರು ಅದನ್ನು ಚಿಕ್ಕದಾಗಿ ಕೀಟಾ ಎನ್ನುತ್ತಾರೆ. ಮಗುವನ್ನು ಅಲ್ಲಿ ಒಮ್ಮೆಗೇ ಬಿಟ್ಟು ಬರುವಂತಿಲ್ಲ. ಅಭ್ಯಾಸಮಾಡಿಸುವ ಒಂದು ಕಾಲವಿದೆ. ಬರ್ಲಿನ್ ಪದ್ಧತಿಯೆಂದು ಅದಕ್ಕೆ ಹೆಸರು. ಮೊದಲ ಮೂರು ದಿನ ಮನೆಯವರೊಬ್ಬರು ಮಗುವಿನ ಜೊತೆ ಒಂದು ಗಂಟೆಯಷ್ಟು ಕಾಲ ಕುಳಿತು ಬರಬೇಕು. ಅಗಲಿಸುವ ಪ್ರಯತ್ನವೇ ಇಲ್ಲ. ನಾಲ್ಕನೆಯ ದಿನ ಮನೆಯವರು ಕೆಲವು ನಿಮಿಷ ಹೊರಗೆ ಹೋಗಿ ನೋಡುತ್ತಾರೆ. ಮಗು ಅತ್ತು, ಅಧ್ಯಾಪಕಿಯ ಮಡಿಲಲ್ಲಿ ಸಮಾಧಾನವಾದರೆ ಸರಿ. ಇಲ್ಲವಾದರೆ ಮತ್ತೆ ಕೆಲವು ದಿನ ಕಾಯಬೇಕು. ಎಲ್ಲವೂ ಮಗುವಿನ ನಡೆಯಂತೆ.

ಎರಡನೆಯ ವಾರದಲ್ಲಿ ಮಗಳಿಗೆ ಜ್ವರ ಬಂದು, ಎರಡು ದಿನ ನಾನು ಹೋಗಿ ಕುಳಿತೆ. ಗೋಡೆಯ ಬದಿಯಲ್ಲಿ ಮೊಳದೆತ್ತರದ ಒಂದು ಕುರ್ಚಿ. ಆಡಿಸಬಾರದು, ಕರೆಯಬಾರದು, ಬೇಕಾದಾಗ ಮಗು ತಾನಾಗಿಯೇ ನಿಮ್ಮ ಬಳಿಗೆ ಬರುತ್ತದೆ, ಆಗ ನೀವು ಅಲ್ಲಿರಬೇಕು, ಅಷ್ಟೆ ಎಂದು ಅಧ್ಯಾಪಕಿಯವರು ಇಂಗ್ಲಿಷಿನಲ್ಲಿ ತಿಳಿಸಿದರು. ಇನ್ನೂ ಒಂದು ಮಾತು ಹೇಳಿದರು: ಹೊರಗೆ ಹೋಗುವಾಗ ಮಗುವಿಗೆ ಹೇಳಿಯೇ ಹೋಗಬೇಕು; ಕಣ್ತಪ್ಪಿಸಿ ಹೋಗಬಾರದು. ನಾನು ತಲೆಯಾಡಿಸಿದೆ. ನಮ್ಮ ಕಡೆಯ ಪದ್ಧತಿ ಇದಕ್ಕೆ ತದ್ವಿರುದ್ಧವಷ್ಟೆ! ಅಂಗಳದಲ್ಲಿ ಕಾಗೆ ತೋರಿಸಿ, ಕೂಸು ಅತ್ತ ತಿರುಗಿದೊಡನೆ ಬಸ್ಸು ಹತ್ತುವುದು. ಅರವತ್ತು ವರ್ಷಗಳ ಹಿಂದೆ ಕೂಡ್ಲಿಗಿ ತಾಲೂಕಿನ ಒಂದು ಹಳ್ಳಿಯಲ್ಲಿ ನನ್ನನ್ನು ಶಾಲೆಗೆ ಹಾಕಿದುದು ಹೇಗೆಂಬುದು ನನಗೆ ಚೆನ್ನಾಗಿ ನೆನಪಿದೆ. ಇಬ್ಬರು ದೊಡ್ಡ ಹುಡುಗರು ಕೈಕಾಲು ಹಿಡಿದು ಹೊತ್ತುಕೊಂಡು ಹೋದರು. ನಮ್ಮಪ್ಪ ಹಿಂದಿನಿಂದ ನಗುತ್ತ ಬಂದನು. ಮೇಷ್ಟ್ರು ಬಾಗಿಲಲ್ಲಿ ನಿಂತು ಬರಮಾಡಿಕೊಂಡರು, ಕೈಯಲ್ಲಿ ಹುಣಿಸೆಯ ಬರಲು. ಅದರಿಂದ ನಾನೇನೂ ಕೆಟ್ಟುಹೋಗಲಿಲ್ಲವೆಂದು ಹಲವರಂತೆ ನಾನೂ ಹೇಳಿಕೊಂಡು ಬಂದಿದ್ದೇನೆ. ಆ ಮೊಳದೆತ್ತರದ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕುಳಿತಾಗ ಮಾತ್ರ ಅದನ್ನು ಅಷ್ಟು ಖಂಡಿತವಾಗಿ ಹೇಳಲಾಗಲಿಲ್ಲ.

ಎರಡು ದಿನವೂ ನಾನು ಬಾಯಿ ಬಿಡಲಿಲ್ಲ. ಮಗು ಹನ್ನೊಂದು ಸಲ ನನ್ನ ಬಳಿಗೆ ಬಂದು, ಮೊಣಕಾಲು ಮುಟ್ಟಿ, ಮರಳಿ ಆಡಹೋಯಿತು. ಎಣಿಸುವುದಕ್ಕೆ ನನಗೆ ಬೇಕಾದಷ್ಟು ಹೊತ್ತಿತ್ತು.

ಪಟ್ಟಿಯನ್ನು ಬರೆಯತೊಡಗಿದುದು ಆ ಕುರ್ಚಿಯಲ್ಲಿಯೇ. ಕೂಸು ದಿನದಿನಕ್ಕೂ ಒಂದೊಂದು ಜರ್ಮನ್ ಮಾತನ್ನು ಮನೆಗೆ ತರುತ್ತಿತ್ತು. ಅವುಗಳೆದುರಿಗೆ ಕನ್ನಡದ ಮಾತೆಷ್ಟು ಎಂದು ನೋಡುವ ಚಪಲ. ಅಕ್ಟೋಬರ್ ನಡುವಿನಲ್ಲಿ ದಸರೆಯ ಮರುವಾರ ಕುಳಿತು ಎಣಿಸಿದೆ. ಮೂವತ್ತೇಳು ಮಾತುಗಳಿದ್ದವು. ಪರವಾಗಿಲ್ಲವೆಂದು ಸಂತೋಷಪಟ್ಟು, ಪಾಠ ಹೇಳಿದವನ ಅಭ್ಯಾಸಬಲದಿಂದ ಅವುಗಳನ್ನು ವರ್ಗೀಕರಿಸಹೋದೆ. ನಾಮಪದ, ಕ್ರಿಯಾಪದ, ಅವ್ಯಯ ಎಂದು ಗೆರೆ ಎಳೆದವನ ಕೈ ನಡುವೆಯೇ ನಿಂತಿತು. ಬ್ಯಾಡ. ಸಾಕು. ಬಿಡು. ಬೀಳ್ತಿ. ಮುಟ್ಟಬ್ಯಾಡ. ಇಳಿ. ಸುಮ್ನಿರು. ಛೀ. ಗುಮ್ಮ. ಹೊಡೀತೀನಿ! ಇದನ್ನು ಯಾರಿಂದ ಕಲಿಯಿತೆಂದು ನಾನು ವಿಚಾರಿಸಲಿಲ್ಲ. ಮೂವತ್ತೇಳರಲ್ಲಿ ಇಪ್ಪತ್ತೊಂದು ಮಾತು ತಡೆಯುವವು, ಬೆದರಿಸುವವು, ಅವಸರಪಡಿಸುವವು. ಜರ್ಮನ್ ಮಾತುಗಳೊ? ಚೆಂಡು, ಮರಳು, ಜೋಕಾಲಿ, ಮೀನು, ಮತ್ತು ಎಲ್ಲಕ್ಕಿಂತಲೂ ಹೆಚ್ಚಾಗಿ “ನೋಖ್‌ಮಾಲ್”, ಎಂದರೆ ಇನ್ನೊಮ್ಮೆ. ಜಾರುಬಂಡೆಯಿಂದ ಇಳಿದರೆ ನೋಖ್‌ಮಾಲ್. ಜೋಕಾಲಿ ನಿಂತರೆ ನೋಖ್‌ಮಾಲ್. ಕೂಸಿಗೆ ಆಟದ ಮಾತು ಒಂದು ಭಾಷೆಯಲ್ಲಿ, ಅಂಕುಶದ ಮಾತು ಇನ್ನೊಂದರಲ್ಲಿ. ಯಾವುದನ್ನು ಅದು ಮುಂದೆ ಇಟ್ಟುಕೊಂಡೀತು, ಯಾವುದನ್ನು ಬಿಟ್ಟೀತು ಎಂಬುದನ್ನು ಊಹಿಸುವುದಕ್ಕೆ ಪಂಡಿತನಾಗಬೇಕಾಗಿಲ್ಲ.

ಅದೇ ವಾರ ಇನ್ನೊಂದು ಸಂಗತಿ ನಡೆಯಿತು. ಎಸ್ಲಿಂಗನ್ನಿನ ಊರ ಮೇಲುಗಡೆ ದ್ರಾಕ್ಷಿಯ ತೋಟಗಳ ನಡುವೆ ಒಂದು ಹಳೆಯ ಕೋಟೆಯಿದೆ. ಊರಿನಿಂದ ಅದಕ್ಕೆ ಮೆಟ್ಟಿಲುಗಳುಂಟು. ಉಚ್ಚಂಗಿದುರ್ಗವನ್ನು ಹತ್ತಿ ಬಲ್ಲವರಿಗೆ ಅದೊಂದು ದೊಡ್ಡ ಏರಲ್ಲ. ಮಳೆ ನಿಂತಿತ್ತು, ಮೆಟ್ಟಿಲ ಮೇಲೆ ಹಳದಿಯ ಎಲೆಗಳು ನೆನೆದು ಬಿದ್ದಿದ್ದವು. ಇಳಿಯುವಾಗ ನನ್ನ ಕಾಲು ಒಂದಿಷ್ಟು ಜಾರಿತು. ನನ್ನ ಬೆರಳು ಹಿಡಿದಿದ್ದ ಕೂಸು ತಟ್ಟನೆ ನಿಂತು, ಹುಬ್ಬುಗಂಟಿಕ್ಕಿ, ನನ್ನದೇ ದನಿಯಲ್ಲಿ, “ಅಜ್ಜಾ, ಬೀಳ್ತಿ!” ಎಂದಿತು. ಎರಡು ಮಾತು ಕೂಡಿಸಿ ಅದು ಆಡಿದ ಮೊದಲ ಕನ್ನಡ ವಾಕ್ಯ ಅದು. ಸಂಬೋಧನೆಯಿದೆ, ಕ್ರಿಯಾಪದವಿದೆ, ವ್ಯಾಕರಣದ ತಪ್ಪಿಲ್ಲ. ನಮ್ಮಾಕೆ ಹಿಗ್ಗಿ ಕೂಸನ್ನು ಎತ್ತಿಕೊಂಡಳು. ನಾನು ಮಾತ್ರ ಕೋಟೆಯಿಂದ ಮನೆಯವರೆಗೆ ಸುಮ್ಮನೆ ನಡೆದೆ.

ರಾತ್ರಿ ಕೂಸು ಮಲಗಿದ ಮೇಲೆ ಪಟ್ಟಿಯನ್ನು ಮಗಳ ಮುಂದಿಟ್ಟೆ. ಅವಳು ಓದಿ, ಬಹಳ ಹೊತ್ತು ಏನೂ ಹೇಳದೆ, “ಅಪ್ಪಾಜಿ, ಕೀಟಾದವರು ಮನ್ಯಾಗ ನಿಮ್ಮ ಭಾಷಿನೇ ಆಡ್ರಿ ಅಂತಾರ. ನಾನೂ ಆಡ್ತೀನಿ. ಆದರ ಕನ್ನಡದಾಗ ಬಾಯಿ ತಗದರ ನನಗ ಬರೋದು ನೀವು ನಮಗ ಅಂದ ಮಾತ ನೋಡ್ರಿ” ಎಂದಳು. ಇದು ದೂರಲ್ಲವೆಂದು ಅವಳೇ ಸಮಾಧಾನ ಹೇಳಿದಳು. ಅಳಿಯಂದಿರಿಗೆ ಬೇರೆಯ ಚಿಂತೆ. ಮನೆಯ ಭಾಷೆಯಿಂದ ಮಗು ಶಾಲೆಯಲ್ಲಿ ಹಿಂದೆ ಬಿದ್ದೀತೆ, ಜರ್ಮನನ್ನೇ ಆಡುವುದು ಲೇಸೆ ಎಂದು. “ನೀವು ಆಡೋ ಜರ್ಮನ್ ಕೇಳಿ ಕೂಸು ನಕ್ಕೀತು” ಎಂದು ಮಗಳು ಅವರ ಬಾಯಿ ಮುಚ್ಚಿಸಿದಳು. ನಾನು ನಮ್ಮ ತಂದೆಯ ಕಾಲವನ್ನು ನೆನಪಿಸಿದೆ. ೧೯೫೩ರ ಅಕ್ಟೋಬರ್ ೧ರವರೆಗೆ ನಮ್ಮ ತಾಲೂಕುಗಳು ಮದರಾಸಿನ ಆಡಳಿತದಲ್ಲಿದ್ದವು. ಮೇಲಿನ ಕಚೇರಿಯ ಕಾಗದ ಯಾವ ಭಾಷೆಯಲ್ಲಿ ಬಂದರೂ ಮನೆಯ ಹೊಸ್ತಿಲೊಳಗೆ ಕನ್ನಡ ಅಲುಗಲಿಲ್ಲ. ಹಾಗೆಂದು ಹೇಳಿದವನಿಗೆ ಕೂಡಲೆ ತಿಳಿಯಿತು, ಹೋಲಿಕೆ ಸರಿಹೋಗಲಿಲ್ಲವೆಂದು. ನಮಗೆ ಹೊಸ್ತಿಲ ಹೊರಗೆ ಬೀದಿಯೂ ಕನ್ನಡದ್ದೇ ಆಗಿತ್ತು. ಬೈಗುಳವೂ ಆಟವೂ ಸಂತೆಯೂ ಜಾತ್ರೆಯೂ. ಈ ಕೂಸಿಗೆ ಕನ್ನಡವೆಂದರೆ ನಾಲ್ಕು ಜನ. ತೊಂಬತ್ತು ದಿನ ಕಳೆದರೆ ಇಬ್ಬರು.

ನಾವಿದ್ದ ಊರಿನ ವಿಷಯವೊಂದನ್ನು ಇಲ್ಲಿ ಹೇಳಬೇಕು. ೧೮೪೩ರಲ್ಲಿ ಕನ್ನಡದ ಮೊದಲ ಪತ್ರಿಕೆ “ಮಂಗಳೂರ ಸಮಾಚಾರ”ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗನು ತೀರಿಕೊಂಡದ್ದು ಈ ಎಸ್ಲಿಂಗನ್ನಿನಲ್ಲಿಯೇ, ೧೮೮೧ರಲ್ಲಿ. ಒಂದು ಅಂಕದ ಪ್ರಶ್ನೆಯೆಂದು ವರ್ಷವರ್ಷವೂ ನಾನು ಹುಡುಗರಿಗೆ ಉರುಹೊಡೆಸಿದ ಹೆಸರು! ಅದೇ ನೆಕರ್ ನದಿಯ ದಂಡೆಯಲ್ಲಿ ಮೇಲಕ್ಕೆ ಹೋದರೆ ಟ್ಯೂಬಿಂಗನ್. ಎಪ್ಪತ್ತು ಸಾವಿರ ಶಬ್ದಗಳ ಕನ್ನಡ ನಿಘಂಟನ್ನು ೧೮೯೪ರಲ್ಲಿ ಮುಗಿಸಿಕೊಟ್ಟ ಕಿಟೆಲ್ ೧೯೦೩ರಲ್ಲಿ ಸತ್ತದ್ದು ಅಲ್ಲಿ. ಮೂವತ್ತೇಳು ಶಬ್ದಗಳ ನನ್ನ ನಿಘಂಟನ್ನು ಜೇಬಿನಲ್ಲಿಟ್ಟುಕೊಂಡು ಆ ನದಿಯ ದಂಡೆಯಲ್ಲಿ ನಡೆಯುವಾಗ ಸ್ವಲ್ಪ ನಾಚಿಕೆಯಾಗದೆ ಇರಲಿಲ್ಲ.

ಆದರೆ ನನ್ನ ಮನಸ್ಸಿನಲ್ಲಿ ನಿಂತುದು ಅವರ ಗ್ರಂಥಗಳಲ್ಲ, ಆ ಜನರ ಮಕ್ಕಳು. ನಮ್ಮ ದೇಶದಲ್ಲಿ ಹುಟ್ಟಿದ ಮಿಶನರಿಗಳ ಮಕ್ಕಳನ್ನು ಶಾಲೆಯ ವಯಸ್ಸಿಗೆ ಯುರೋಪಿಗೆ ಕಳುಹಿಸಿಬಿಡಬೇಕೆಂದು ಬಾಸೆಲ್ ಮಿಶನ್ ೧೮೫೩ರಲ್ಲಿ ಕಟ್ಟಳೆ ಮಾಡಿತು. ಕಟ್ಟಳೆಗಿಂತ ಮೊದಲೂ ರೂಢಿ ಇದ್ದುದೇ. ಮಲಯಾಳದ ನಿಘಂಟು ಬರೆದ ಗುಂಡರ್ಟನ ಮಗಳು ಮಾರಿ ೧೮೪೨ರಲ್ಲಿ ತಲಚೇರಿಯಲ್ಲಿ ಹುಟ್ಟಿದವಳು. ಯುರೋಪಿಗೆ ಬಂದಿದ್ದ ತಂದೆತಾಯಿಗಳು ಮಲಬಾರಿಗೆ ಹಿಂದಿರುಗುವಾಗ ಆ ಎಳೆಯ ಮಗುವನ್ನು ಇತ್ತಲೇ ಬಿಟ್ಟು ಹಡಗು ಹತ್ತಿದರು. ಅವಳು ಅವರ ಬಳಿಗೆ ಮರಳಿದುದು ೧೮೫೭ರಲ್ಲಿ, ಹದಿನೈದರ ಹುಡುಗಿಯಾಗಿ. “ಸಿದ್ಧಾರ್ಥ” ಕಾದಂಬರಿಯ ಹೆರ್ಮನ್ ಹೆಸ್ಸೆ ಅವಳ ಮಗ. ಹುಟ್ಟಿದುದು ಸ್ಟುಟ್ಗಾರ್ಟಿನ ಪಶ್ಚಿಮಕ್ಕಿರುವ ಕಾಲ್ಫ್ ಎಂಬ ಚಿಕ್ಕ ಊರಿನಲ್ಲಿ, ೧೮೭೭ರಲ್ಲಿ. ಒಂದು ಶನಿವಾರ ಅಳಿಯಂದಿರು ನಮ್ಮನ್ನು ಅಲ್ಲಿಗೆ 
ಕರೆದೊಯ್ದರು. ಹೊಳೆಯ ಮೇಲಣ ಕಲ್ಲುಸೇತುವೆಯ ಬಳಿ ಕೂಸು ಬಾತುಗಳನ್ನು ನೋಡುತ್ತಿತ್ತು. ನಾನು ಮಾರಿಯ ಕಥೆಯನ್ನು ನಮ್ಮಾಕೆಗೆ ಹೇಳಿದೆ. ಹೆಸ್ಸೆಯ ವಿಷಯ ಅವಳ ಕಿವಿಗೆ ಬೀಳಲಿಲ್ಲ. “ಬಿಟ್ಟು ಹೋಗೋ ಮುಂದ ಆ ಕೂಸಿಗೆ ಹೇಳಿದ್ರೋ, ಹೇಳದ ಹೋದ್ರೋ?” ಎಂದು ಕೇಳಿದಳು.

ಉಳಿದುದು ನಲವತ್ತು ದಿನಗಳಿಗಿಂತ ಕೆಲವೇ ಹೆಚ್ಚು. ನಾನು ಬೀಳ್ತಿ ಎಂಬ ಮಾತನ್ನು ಬಿಡಲು ವ್ರತ ತೊಟ್ಟೆ. ಎಂಥ ಕಷ್ಟದ ವ್ರತವೆಂಬುದನ್ನು ಪ್ರಯತ್ನಿಸಿದವರೇ ಬಲ್ಲರು! ಕೂಸು ಅಟ್ಟ ಹತ್ತುವಾಗ ಹಲ್ಲು ಕಚ್ಚಿಕೊಂಡು ಬೆಂಚಿನಲ್ಲಿ ಕುಳಿತೆ. ಬಾಯಿಗೆ ಬಂದ ಮಾತನ್ನು ನುಂಗಿ “ಹತ್ತು, ಗಟ್ಟಿ ಹಿಡಿ, ಭಲೆ!” ಎನ್ನುವುದನ್ನು ಅಭ್ಯಾಸ ಮಾಡಿದೆ. ಎರಡು ಸಲ ಬಿದ್ದಿತು. ಒಂದು ಸಲ ತುಟಿಯೊಡೆದು ರಕ್ತ ಬಂದು, ಮನೆಯಲ್ಲಿ ನಮ್ಮಾಕೆಯಿಂದ ನಾನು ಅನ್ನಿಸಿಕೊಂಡುದನ್ನು ಇಲ್ಲಿ ಬರೆಯುವುದಿಲ್ಲ. ಬುಗುರಿಯನ್ನು ತೆಗೆದು ಆಡಿಸಿ ತೋರಿಸಿದೆ. ನೆಲಕ್ಕೆ ಹಾಸಿದ್ದ ಮರದ ಹಲಗೆ ಗೀಚಿತೆಂದು ಮಗಳು ಅದನ್ನು ಎತ್ತಿಟ್ಟಳು. ಬಾಡಿಗೆಯ ಮನೆ, ಪಾಪ.

ಕೊನೆಗೆ ಕೈಹಿಡಿದುದು ಎಲ್ಲಕ್ಕಿಂತ ಹಳೆಯದಾದ ಆನೆಯಾಟ. ಕೈಯೂರಿ ಮೊಣಕಾಲೂರಿ ನಾನು ಆನೆಯಾಗುವುದು, ಕೂಸು ಬೆನ್ನ ಮೇಲೆ ಅಂಬಾರಿಯಾಗುವುದು. ಅಡುಗೆಮನೆಯಿಂದ ಕಿಟಕಿಯವರೆಗೆ ಒಂದು ಸವಾರಿ. ಆನೆಗೆ ಸೊಂಡಿಲು, ಆನೆಗೆ ಬಾಲ, ಆನೆಗೆ ಬೆಲ್ಲ. ಕಿಟಕಿ ಮುಟ್ಟಿದೊಡನೆ “ನೋಖ್‌ಮಾಲ್!” ನಾನು ಕದಲಲಿಲ್ಲ. ಜರ್ಮನ್ ತಿಳಿಯದ ಆನೆ ಅದು. “ಇನ್ನೊಮ್ಮಿ ಅಂದರ ಆನಿ ಎದ್ದೀತು” ಎಂದಳು ನಮ್ಮಾಕೆ. ಮೂರು ದಿನ ನೋಖ್‌ಮಾಲ್ ನಡೆಯಿತು. ನಾಲ್ಕನೆಯ ದಿನ ಬೆನ್ನ ಮೇಲಿನಿಂದ “ಇನ್ನೊಮ್ಮಿ” ಬಂತು. ನನ್ನ ಮೊಣಕಾಲುಗಳಿಗೆ ಅಂದಿನಿಂದ ವಿರಾಮವಿಲ್ಲದಂತಾಯಿತು.

ಪಟ್ಟಿಯನ್ನು ಮತ್ತೆ ನೋಡಿದಾಗ ಇನ್ನೊಂದು ವಿಷಯ ಕಂಡಿತು, ಒಪ್ಪಿಕೊಳ್ಳದಿದ್ದರೆ ಅನ್ಯಾಯವಾದೀತು. ಮೊದಲ ಮೂವತ್ತೇಳರಲ್ಲಿಯೂ ಒಳ್ಳೆಯ ಮಾತುಗಳಿದ್ದವಷ್ಟೆ: ಬುವ್ವ, ಹೂವು, ಚಂದ್ರಾಮ, ತಟ್ಟು, ಹಿಟ್ಟು, ರೊಟ್ಟಿ. ಅವೆಲ್ಲ ನಮ್ಮಾಕೆಯವು. ರೊಟ್ಟಿ ತಟ್ಟುವಾಗ ಅವಳು ಕೂಸನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಅದಕ್ಕೂ ಒಂದು ಉಂಡೆ ಕೊಡುತ್ತಿದ್ದಳು. ಹಡಗಲಿಯ ಮಲ್ಲಿಗೆ ಮುಡಿದು ಬೆಳೆದವಳು, ಅಲ್ಲಿ ಮುಡಿಯಲು ಹೂವಿಲ್ಲದೆ, ದಾರಿಬದಿಯ ಹುಲ್ಲುಹೂಗಳನ್ನು ಕೂಸಿನೊಡನೆ ಆರಿಸಿ ದಾರದಲ್ಲಿ ಕಟ್ಟುತ್ತಿದ್ದಳು. ಯಾವ ಪಟ್ಟಿಯೂ ಇಲ್ಲದೆ ಅವಳು ಮಾಡುತ್ತಿದ್ದುದನ್ನು ನಾನು ಲೆಕ್ಕವಿಟ್ಟು ತಿಳಿಯಬೇಕಾಯಿತು.

ದೀಪಾವಳಿಗೆಂದು ಅಲ್ಲಿ ರಜೆಯಿಲ್ಲ. ಸಂಜೆ ಮನೆಯಲ್ಲಿ ಐದು ಹಣತೆ ಹಚ್ಚಿದೆವು. ಅದಾಗಿ ಹತ್ತು ದಿನಕ್ಕೆ, ನವೆಂಬರ್ ೧೧ರಂದು, ಸಂತ ಮಾರ್ಟಿನನ ಹಬ್ಬ. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟ ಸೈನಿಕನಂತೆ ಅವನು. ಕತ್ತಲಾದ ಮೇಲೆ ಮಕ್ಕಳು ತಾವೇ ಮಾಡಿದ ಕಾಗದದ ಲಾಂದ್ರಗಳನ್ನು ಕೋಲಿಗೆ ತೂಗಿಸಿಕೊಂಡು ಹಾಡುತ್ತ ಮೆರವಣಿಗೆ ಹೋಗುತ್ತಾರೆ. ನಾನು ಹುಡುಗನಾಗಿದ್ದಾಗ ದೀಪಾವಳಿಯ ರಾತ್ರಿ ದನಕಾಯುವ ಹುಡುಗರು ದೀಪ ಹಿಡಿದು ಮನೆಮನೆಗೆ ಬಂದು ಎಣ್ಣೆ ಹಾಕಿಸಿಕೊಳ್ಳುತ್ತಿದ್ದುದು ನೆನಪಾಯಿತು. ಕೀಟಾದ ಅಂಗಳದಲ್ಲಿ ಕೂಸು ತನ್ನ ಲಾಂದ್ರವನ್ನು ಅಧ್ಯಾಪಕಿಯ ಮುಖಕ್ಕೆ ಹಿಡಿದು, “ದೀಪ” ಎಂದಿತು. ಅವರು ಬಗ್ಗಿ, ಏನೆಂದು ಮಗಳನ್ನು ಕೇಳಿ ತಿಳಿದು, “ಡೀಪಾ” ಎಂದರು. ಕೂಸು ತಲೆಯಲ್ಲಾಡಿಸಿ, “ದೀಪ” ಎಂದು ತಿದ್ದಿತು. ಮೆರವಣಿಗೆ ಹೊರಡುವವರೆಗೆ ಈ ಪಾಠ ನಡೆಯಿತು. ಅದುವರೆಗೆ ಅದು ಕನ್ನಡವನ್ನು ಆ ಗೇಟಿನ ಹೊರಗೆ ಬಿಟ್ಟೇ ಒಳಗೆ ಹೋಗುತ್ತಿತ್ತು.

ಡಿಸೆಂಬರ್ ೩ ಬಂತು. ವಿಮಾನ ಮಧ್ಯಾಹ್ನಕ್ಕೆ. ಕೂಸು ಎದ್ದೇಳುವ ಮೊದಲೇ ಹೊರಟುಬಿಡೋಣವೆಂದು ನಮ್ಮಾಕೆ ಹಿಂದಿನ ರಾತ್ರಿಯಿಂದ ಹೇಳುತ್ತಿದ್ದಳು; ಸೇತುವೆಯ ಮೇಲೆ ನನ್ನನ್ನು ಆ ಪ್ರಶ್ನೆ ಕೇಳಿದವಳು ಇವಳೇ. ಮಗಳು ಒಪ್ಪಲಿಲ್ಲ. “ಹೇಳೇ ಹೋಗ್ರಿ ಅವ್ವಾ. ಎದ್ದು ಮನಿಯೆಲ್ಲಾ ಹುಡುಕತೈತಿ ಅದು.” ಹೇಳುವ ಭಾರ ನನ್ನ ಮೇಲೆ ಬಿದ್ದಿತು. ಹಾಲು ಕುಡಿಸಿ, ಎದುರಿಗೆ ಕುಳ್ಳಿರಿಸಿಕೊಂಡು, ಕೀಟಾದ ಕುರ್ಚಿಯಲ್ಲಿ ಕುಳಿತಿದ್ದಂತೆಯೇ ಮೊಣಕಾಲು ಮಡಿಸಿ ಕುಳಿತು ಹೇಳಿದೆ: “ಅಜ್ಜ, ಅಜ್ಜಿ ಊರಿಗೆ ಹೋಗ್ತಾರ. ವಿಮಾನದಾಗ. ನೀನು ಅವ್ವ ಅಪ್ಪನ ಹತ್ರ ಇರ್ತಿ. ಫೋನಿನಾಗ ಮಾತಾಡೋಣು.”

ಕೂಸು ಪೆಟ್ಟಿಗೆಗಳನ್ನು ನೋಡಿತು, ನನ್ನನ್ನು ನೋಡಿತು. ಆಮೇಲೆ “ಬ್ಯಾಡ” ಎಂದಿತು. ಗಟ್ಟಿಯಾಗಿ ಅಲ್ಲ. ನಾನು ಏಳಹೋದಾಗ ಮೊಣಕಾಲು ಹಿಡಿದು ಮತ್ತೊಮ್ಮೆ, “ಅಜ್ಜಾ, ಬ್ಯಾಡ.” ಪಟ್ಟಿಯ ಕೆಟ್ಟ ಮಾತುಗಳ ಸಾಲಿನಲ್ಲಿ ನಾನು ಮೊಟ್ಟಮೊದಲು ಬರೆದಿದ್ದುದು ಅದನ್ನೇ.

ಅತ್ತಿತು, ನಾವೂ ಅತ್ತೆವು. ಅಳಿಯಂದಿರು ಗಡಿಯಾರ ನೋಡಿದರು. ಕೆಳಗೆ ಕಾರಿನಲ್ಲಿ ಕುಳಿತು ಮೇಲೆ ನೋಡಿದಾಗ ಅದು ಕಿಟಕಿಯಲ್ಲಿ ತಾಯಿಯ ತೋಳಿನಲ್ಲಿತ್ತು. ಕೈ ಬೀಸುತ್ತಿತ್ತೋ ಗಾಜನ್ನು ಬಡಿಯುತ್ತಿತ್ತೋ ನನಗೆ ಸರಿಯಾಗಿ ಕಾಣಿಸಲಿಲ್ಲ.

ಈಗ ನಾವು ಮರಳಿ ಗಾಜಿನೊಳಗಿನವರಾಗಿದ್ದೇವೆ. ಚಳಿಗಾಲದಲ್ಲಿ ಅವರ ನಾಲ್ಕು ಗಂಟೆಗೆ ನಮ್ಮಲ್ಲಿ ಎಂಟೂವರೆ, ಬೇಸಿಗೆಯಲ್ಲಿ ಏಳೂವರೆ. ಕೀಟಾದಿಂದ ಬಂದ ಕೂಸು ತಾಯಿಯ ಫೋನಿನಲ್ಲಿ “ಆನಿ” ಎನ್ನುತ್ತದೆ. ನಮ್ಮಾಕೆ ನನ್ನ ಫೋನನ್ನು ಪಡಸಾಲೆಯ ಕಂಬಕ್ಕೆ ಒರಗಿಸಿ ಇಡುತ್ತಾಳೆ. ನಾನು ಪಂಚೆ ಎತ್ತಿ ಕಟ್ಟಿ, ಕೈಯೂರಿ, ಮೊಣಕಾಲೂರಿ, ಬಾಗಿಲಿನಿಂದ ಕಂಬದವರೆಗೆ ಹೋಗುತ್ತೇನೆ. ಮೊನ್ನೆ ಬಡ್ಡಿಯ ಲೆಕ್ಕ ಕೇಳಲು ಬಂದ ನೆರೆಯವರು ಹೊಸ್ತಿಲಲ್ಲಿಯೇ ನಿಂತುಬಿಟ್ಟರು. ಒಂದು ಗಳಿಗೆ ಕುಳಿತಿರಬೇಕೆಂದು ನಮ್ಮಾಕೆ ಅವರಿಗೆ ಚಾಪೆ ಹಾಸಿದಳು. ಫೋನಿನೊಳಗಿನಿಂದ “ಇನ್ನೊಮ್ಮಿ” ಎಂದು ಕೇಳುತ್ತಿತ್ತು. ನಾನು ಆನೆಯನ್ನು ಬಾಗಿಲ ಕಡೆಗೆ ತಿರುಗಿಸಿದೆ.